ಟ್ರಂಕಿನಲ್ಲಿದ್ದ ಆಸ್ಪತ್ರೆಯ ಚೀಲ

ಕುದೂರು ಹತ್ತಿರ, ತೋಟದ ಮನೆ
೮ ಆಗಸ್ಟ್ ೨೦೨೨, ಸೋಮವಾರ ಬೆಳಿಗ್ಗೆ

ಚಿ. ಸೌ. ಪುಟ್ಟಲಕ್ಷ್ಮಿಗೆ,

ಈ ಕೆಳಗೆ ರುಜು ಮಾಡುವ ಬೀರಲಿಂಗಯ್ಯ, ಬಿ.ಎ., ವಯಸ್ಸು ಐವತ್ತೆಂಟು, ಕಸುಬು ರೇಷ್ಮೆಹುಳು ಸಾಕಣೆ, ಸ್ವಬುದ್ಧಿಯಿಂದಲೂ ಯಾರ ಬಲವಂತವೂ ಇಲ್ಲದೆಯೂ ತಪ್ಪೊಪ್ಪಿಕೊಳ್ಳುವುದೇನೆಂದರೆ: ಮೊನ್ನೆ ಶನಿವಾರ ಹಾಡಹಗಲು ಹನ್ನೊಂದು ಗಂಟೆಯ ಸುಮಾರಿಗೆ, ನೀನು ತವರಿನಿಂದ ತಂದ ಹಸಿರು ಟ್ರಂಕಿನ ಬೀಗವನ್ನು, ಮೊದಲು ನಿನ್ನದೇ ಹೇರ್‌ಪಿನ್ನಿನಿಂದ ವಿನಯವಾಗಿ, ಆಮೇಲೆ ಕುಡುಗೋಲಿನ ಹಿಡಿಯಿಂದ ಅವಿನಯವಾಗಿ ತೆರೆದಿರುತ್ತೇನೆ. ಸಾಕ್ಷಿ: ಕಿಟಕಿಯಲ್ಲಿ ಕೂತಿದ್ದ ಬೆಕ್ಕು. ಉದ್ದೇಶ: ನಿನ್ನ ಆಧಾರ್ ಕಾರ್ಡು. ಹೆಂಡತಿಯ ಮಂಡಿ ಕೀಲಿಗಾಗಿ ಟ್ರಂಕಿನ ಕೀಲಿ ಮುರಿದವನನ್ನು ಯಾವ ಕೋರ್ಟೂ ಶಿಕ್ಷಿಸಲಾರದು ಎಂಬುದು ನನ್ನ ವಾದ. ಆದರೆ ನೀನು ಕೋರ್ಟಿಗಿಂತ ಮೇಲಿನವಳು. ಅದಕ್ಕೇ ಈ ಕಾಗದ.

ತಡವಾದದ್ದಕ್ಕೆ ಕ್ಷಮಿಸು. ನೀನು ಉಯ್ಯಂಬಳ್ಳಿಗೆ ಹೋಗಿ ನಾಲ್ಕು ವಾರವಾಯಿತು, ನನ್ನಿಂದ ಒಂದು ಸಾಲೂ ಬಂದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಅಲ್ಲಿ ಟವರ್ ಸಿಗುವುದು ಜಗಲಿಯ ಕಂಬದ ಹತ್ತಿರ ಮಾತ್ರ. ನಿನ್ನ ತಂಗಿ ದಾಸಮ್ಮ ಫೋನನ್ನು ಕಂಬಕ್ಕೆ ಒರಗಿಸಿ ಸ್ಪೀಕರ್ ಹಾಕುತ್ತಾಳೆ. ಅವಳ ಗಂಡ ಮಂಚಯ್ಯ, ಮಂಚಯ್ಯನ ಕುರಿಗಳು, ಕುರಿ ಕೊಳ್ಳಲು ಬಂದವರು, ಎಲ್ಲರೂ ಸುತ್ತ ಕೂತು ನಮ್ಮ ಸಂಸಾರ ಕೇಳುತ್ತಾರೆ. ಹೋದ ಸಲ ನಾನು ಮೆಲ್ಲಗೆ ‘ಊಟ ಆಯ್ತಾ?’ ಅಂದರೆ, ಯಾವನೋ ಗೊಗ್ಗರು ದನಿಯವನು ‘ಆಯ್ತು ಕಣಣ್ಣೋ, ಮುದ್ದೆ ಉಪ್ಸಾರು’ ಅಂದ. ಇಂಥ ಸಭೆಯಲ್ಲಿ ಮನಸ್ಸಿನ ಮಾತು ಹೇಗೆ ಹೇಳಲಿ?

ಇಲ್ಲಿ ಎಲ್ಲ ಕ್ಷೇಮ. ಹುಳುಮನೆ ನೀನು ಹೋದ ದಿನದಿಂದ ಖಾಲಿ. ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಬಾಗಿಲು ಹಾಕಿದ್ದೇನೆ. ಮುಂದಿನ ಬೆಳೆಯ ಚಾಕಿ ಮರಿಹುಳು ಬರುವುದು ತಿಂಗಳ ಕೊನೆಗೆ. ಹಿಪ್ಪುನೇರಳೆ ತೋಟ ಮಾತ್ರ ಮಳೆಗೆ ಮೈತುಂಬಿ, ತಿನ್ನುವವರಿಲ್ಲದೆ ಕೊಬ್ಬಿ ನಿಂತಿದೆ. ಕೆಲಸವಿಲ್ಲದ ಮನುಷ್ಯ ಯೋಚನೆ ಮಾಡುತ್ತಾನೆ. ನಾನು ನಿನ್ನ ಮಂಡಿಗಳ ಬಗ್ಗೆ ಯೋಚನೆ ಮಾಡುತ್ತಿದ್ದೇನೆ.

ದಾಸಮ್ಮ ಎಣ್ಣೆ ತಿಕ್ಕುತ್ತಿದ್ದಾಳೆ ತಾನೆ? ಅಲ್ಲಿ ಹುಳುಗಳಿಲ್ಲ, ನೋವಿನ ಮುಲಾಮನ್ನು ಬೇಕಾದಷ್ಟು ಹಚ್ಚಿಕೊ. ಇಲ್ಲಿದ್ದಾಗ ಘಾಟು ಹುಳುವಿಗೆ ಆಗದು ಎಂದು ಬೆಳೆ ಮುಗಿಯುವವರೆಗೂ ಮುಟ್ಟುತ್ತಿರಲಿಲ್ಲ. ನಾನು ಗೂಡು ಮಾರಿ ಬಂದ ದಿನವೇ ನಿನಗೆ ಮುಲಾಮಿನ ಹಬ್ಬ. ಆ ಸಂಜೆಯೆಲ್ಲ ಮನೆ ಔಷಧಿ ಅಂಗಡಿಯಂತೆ ಘಮಘಮಿಸುತ್ತಿತ್ತು. ಹುಳುವಿಗೆ ನೋವಾಗದಿರಲಿ ಎಂದು ಒಂದೊಂದು ತಿಂಗಳು ನೋವು ತಿಂದವಳು ನೀನು. ನಾನು ತಿಂದದ್ದು ಬರೀ ಮುದ್ದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನಮ್ಮೂರ ಪುಟ್ಟಸ್ವಾಮಿ ಬಂದಿದ್ದ. ಹಾಲಿನ ಡೇರಿ ಬಿಟ್ಟು ಆರೋಗ್ಯವಿಮೆ ಮಾಡಿಸುವುದಕ್ಕೆ ನಿಂತಿದ್ದಾನಲ್ಲ, ಅವನೇ. ಜಗಲಿ ಹತ್ತುವ ಮೊದಲೇ ಶುರು ಮಾಡಿದ.

‘ಅಣ್ಣೋ, ಗೂಡಿನ್ ರೇಟು ಈ ಪಾಟಿ ಐತೆ. ಇಂಥಾ ಟೇಮಲ್ಲೂ ಅತ್ತಿಗೇನ ಸರ್ಕಾರಿ ಆಸ್ಪತ್ರೆ ಮಂಚದ ಮ್ಯಾಲೆ ಮಲಗಿಸ್ತೀರಾ? ಪಾಲಿಸಿ ಮಾಡ್ಸಿ. ಎಸಿ ರೂಮು, ಟೀವಿ, ಹಾಸ್ಗೆ ತಾವ್ಕೇ ಕಾಫಿ!’

‘ಅವಳಿಗೆ ಬೇಕಾದ್ದು ಮಂಡಿ ಕಣಪ್ಪ, ಟೀವಿ ಅಲ್ಲ.’

‘ಮಂಡೀನೂ ಹಾಕ್ತಾರೆ ಬುಡಣ್ಣ. ಫಾರಿನ್ ಮಂಡಿ!’

ನಾನು ಬಿ.ಎ. ಓದಿದವನು. ಮೂವತ್ತೆಂಟು ಪುಟದ ಆ ಷರತ್ತುಗಳನ್ನು ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿದೆ. ಪಾಲಿಸಿ ಎಂದು ಹೆಸರಿಟ್ಟಿದ್ದಾರೆ, ಆದರೆ ಪಾಲಿಸಬೇಕಾದವರು ನಾವಂತೆ. ನಾಮಿನಿ ಎಂಬ ಜಾಗದಲ್ಲಿ ನನ್ನ ಹೆಸರು. ನಾಮ ಹಾಕುವ ಜಾಗ ಇನ್ನೂ ಮುಂದಿತ್ತು. ಹತ್ತೊಂಬತ್ತನೇ ಪುಟದಲ್ಲಿ ಇರುವೆಯಂಥ ಅಕ್ಷರಗಳಲ್ಲಿ: ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಪಾಲಿಸಿ ಮಾಡಿಸಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಯಾದರೆ ಇನ್ನೂ ಹೆಚ್ಚು.

‘ಏನಯ್ಯಾ ಇದು?’ ಅಂದೆ.

‘ಎರಡ್ ವರ್ಸ ಏನ್ ಮಹಾ ಅಣ್ಣ? ಕಣ್ ಮುಚ್ಚಿ ಬುಡೋದ್ರೊಳಗೆ ಹೊಂಟೋಯ್ತದೆ. ಈಗ ನೋವಿಲ್ಲ ಅಂತ ಬರ್ದ್ಬುಡಿ. ಎರಡ್ ವರ್ಸ ಆದ್ಮ್ಯಾಕೆ ನೋವು ಶುರುವಾಯ್ತು ಅಂದ್ರಾಯ್ತು.’

‘ಅಂದ್ರೆ ಮಂಡಿಗೆ ಎರಡು ವರ್ಷ ಬಾಯಿ ಮುಚ್ಚಿಕೊಂಡಿರು ಅನ್ನಬೇಕು?’

‘ಹೂಂ ಮತ್ತೆ. ಅತ್ತಿಗೇಗೂ ಒಸಿ ಹೇಳಿ.’

‘ಅವಳಿಗೆ ಬಾಯಿ ಮುಚ್ಚು ಅಂತ ನೀನೇ ಹೇಳಿ ಬಾ. ಮೂವತ್ತನಾಲ್ಕು ವರ್ಷದಿಂದ ನನ್ನ ಕೈಲಿ ಆಗಿಲ್ಲ.’

ಅವನು ನಕ್ಕ. ನಾನೂ ನಕ್ಕೆ. ನಿಜ ಬರೆದರೆ ಕಾಯಬೇಕು, ಸುಳ್ಳು ಬರೆದರೆ ನಾಳೆ ಸಿಕ್ಕಿಬಿದ್ದು ಬಿಡಿಗಾಸೂ ಬರುವುದಿಲ್ಲ. ಇಷ್ಟು ತಿಳಿದ ಮೇಲೆ ಯಾವ ಬುದ್ಧಿವಂತನಾದರೂ ಫಾರಂ ವಾಪಸು ಕೊಡುತ್ತಿದ್ದ. ನಾನು ‘ಇಟ್ಟು ಹೋಗು, ನೋಡೋಣ’ ಎಂದೆ. ಅದಕ್ಕೇ ನಿನ್ನ ಆಧಾರ್ ಬೇಕಾಯಿತು.

ತಕ್ಕಡಿಯ ಇನ್ನೊಂದು ತಟ್ಟೆ ನಿನಗೇ ಗೊತ್ತು. ಮಾರ್ಚಿಯಲ್ಲಿ ರಾಮನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ‘ಮೂಳೆಗೆ ಮೂಳೆ ಉಜ್ಜುತ್ತಾ ಇದೆ ಕಣಮ್ಮ’ ಎಂದು, ಪಡಿತರ ಚೀಟಿ ನೋಡಿ, ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರಲ್ಲ. ಅಲ್ಲಿ ಹೆಸರು, ನನ್ನ ಫೋನ್ ನಂಬರು ಬರೆದುಕೊಂಡು ‘ಪಾಳಿ ಬಂದಾಗ ಕರೀತೀವಿ’ ಅಂದರು. ಖರ್ಚೆಲ್ಲ ಸರ್ಕಾರದ್ದು. ನೀನು ಪ್ರತಿ ಫೋನಿನಲ್ಲೂ ‘ಆಸ್ಪತ್ರೆಯೋರು ಫೋನ್ ಮಾಡುದ್ರಾ?’ ಅನ್ನುತ್ತೀಯೆ. ನಾನು ‘ಸರ್ಕಾರದ ಕೆಲಸ, ದೇವರ ಕೆಲಸ, ಎರಡೂ ನಿಧಾನ’ ಅನ್ನುತ್ತೇನೆ. ಮಂಚಯ್ಯನ ಕುರಿಗಳು ಅದಕ್ಕೆ ಬ್ಯಾ ಅನ್ನುತ್ತವೆ.

ಹೋದ ಮಂಗಳವಾರ ರಾಮನಗರಕ್ಕೆ ಹೋಗಿದ್ದೆ. ಮಾರಲು ಗೂಡಿಲ್ಲದಿದ್ದರೂ ಮಾರ್ಕೆಟ್ಟಿಗೆ ಹೋಗಿ ರೇಟು ನೋಡಿ ಸಂತೋಷಪಡುವ ಚಟ ಈಗ ನಮ್ಮ ಕಡೆ ಎಲ್ಲರಿಗೂ ಹತ್ತಿದೆ, ಪರರ ಮದುವೆ ನೋಡಿ ಖುಷಿಪಡುವ ಹಾಗೆ. ಅಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಮುಕ್ತಿಯಾರ್ ಸಿಕ್ಕಿದ, ಕಾಲೇಜಿನಲ್ಲಿ ನನ್ನ ಬೆಂಚಿನವನು. ಯಾರದೋ ರಾಶಿಯಿಂದ ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಹುಳು ಗಟ್ಟಿಯಾಗಿದೆಯೋ ಕೊಳೆತಿದೆಯೋ ಆ ಸದ್ದಿನಲ್ಲೇ ಹೇಳುತ್ತಾನೆ. ನನ್ನನ್ನು ನೋಡಿದವನೇ ‘ಏನೋ ಬೀರ, ನಿನ್ನನ್ನೂ ಹಿಡಿದು ಅಲ್ಲಾಡಿಸಬೇಕಾ? ಮುಖ ಕೊಳೆತ ಗೂಡು ಆಗಿದೆಯಲ್ಲೋ’ ಅಂದ. ವಿಷಯ ಹೇಳಿದೆ. ‘ಮಂಡಿಗೆ ಬಂದು ಮಂಡಿ ಮಾತಾಡ್ತೀಯಲ್ಲೋ, ಮನೆಗೆ ಬಾ’ ಎಂದು ಎಳೆದುಕೊಂಡು ಹೋದ.

ಅವನ ತಾಯಿ ಗುಲ್ಜಾರ್ ಬೀ ನಿನಗೆ ನೆನಪಿರಬೇಕು, ನಮ್ಮ ಮದುವೆಗೆ ಬಂದು ನಿನ್ನ ಸೀರೆಯ ಜರಿ ಉಜ್ಜಿ ನೋಡಿದವರು. ಹೋದ ವರ್ಷ ಅವರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಎರಡೂ ಮಂಡಿ ಹಾಕಿದ್ದಾರೆ. ಆ ಎಂಬತ್ತರ ಮುದುಕಿ ಅಡುಗೆಮನೆಯಿಂದ ತಾವೇ ಚಹಾ ಹಿಡಿದು ನಡೆದು ಬಂದರು ಪುಟ್ಟಲಕ್ಷ್ಮಿ! ಒಂದು ತೊಟ್ಟು ಚೆಲ್ಲಲಿಲ್ಲ.

‘ಹೆದ್ರಬೇಡಪ್ಪಾ ಬೀರಣ್ಣ’ ಅಂದರು. ‘ಬೆನ್ನಿಗೆ ಒಂದು ಸೂಜಿ, ಅಷ್ಟೇ. ಕಾಲು ಇದ್ಯೋ ಇಲ್ವೋ ಗೊತ್ತಾಗಲ್ಲ. ಎಚ್ಚರ ಇರ್ತದೆ. ಆಮೇಲೆ ಟಕ್ ಟಕ್ ಟಕ್! ಪಕ್ಕದ ರೂಮಲ್ಲಿ ಯಾರೋ ಬಾಗ್ಲು ಕೂರಿಸ್ತಾ ಅವ್ರೆ ಅಂದ್ಕೊಂಡೆ. ಕೇಳಿದ್ರೆ ನರ್ಸಮ್ಮ ನಗ್ತಾಳೆ, ಅದು ನಿಮ್ಮ ಮಂಡೀನೇ ಅಜ್ಜಿ ಅಂತ!’

ಕೋಣೆ ಒಂದು ಸುತ್ತು ತಿರುಗಿತು. ಸುತ್ತಿಗೆಯಂತೆ! ಗರಗಸವೂ ಉಂಟಂತೆ! ಬಡಗಿ ಕೆಲಸವೇ ಆದರೆ ಚನ್ನಪಟ್ಟಣದ ಗೊಂಬೆಯವರಿಗೆ ವಹಿಸಿದರಾಗದೆ, ಅರಗು ಬಳಿದು ಕೆಂಪು ಹಸಿರು ಬಣ್ಣದ ಮಂಡಿ ಮಾಡಿಕೊಡುತ್ತಿದ್ದರು, ಎಂದು ತಮಾಷೆ ಮಾಡಲು ಹೋದೆ. ಅರ್ಧಕ್ಕೇ ಬಿಟ್ಟು ಗೋಡೆಗೆ ಒರಗಿಕೊಂಡೆ. ಗುಲ್ಜಾರ್ ಬೀ ಮಗನಿಗೆ ‘ಇವನಿಗೆ ಸಕ್ಕರೆ ನೀರು ಕೊಡೋ, ಆಪರೇಷನ್ ಇವನಿಗೇ ಆದಂಗೆ ಕಾಣ್ತದೆ’ ಅಂದರು.

ಮುಕ್ತಿಯಾರ್ ಮುಚ್ಚುಮರೆಯಿಲ್ಲದೆ ಹೇಳಿದ. ಏಳು ತಿಂಗಳು ಕಾದರಂತೆ. ಜೊತೆಯವರಿಗೆ ಜಾಗವಿಲ್ಲ, ಅವನು ಹನ್ನೆರಡು ದಿನ ವರಾಂಡದಲ್ಲಿ ಚಾಪೆ ಹಾಸಿ ಮಲಗಿದನಂತೆ. ಒಂದು ಕಾಗದಕ್ಕೆ ಮೂರು ಕಿಟಕಿ ಅಲೆದನಂತೆ. ‘ಆದ್ರೆ ಡಾಕ್ಟ್ರು ಎರಡು ಕಡೇನೂ ಡಾಕ್ಟ್ರೇ ಕಣೋ. ಪ್ರೈವೇಟ್ ಕಡೆ ಕಾಫಿ ಚೆನ್ನಾಗಿರುತ್ತೆ. ನಿಂಗೆ ಕಾಫಿ ಬೇಕೋ, ಹೆಂಡ್ತಿ ನಡೀಬೇಕೋ?’ ಚಹಾ ಲೋಟ ಕೆಳಗಿಟ್ಟು, ‘ಒಪ್ಪಿಗೆ ಕಾಗದಕ್ಕೆ ಸೈನ್ ಹಾಕೋವಾಗ ಮಾತ್ರ ಕೈ ನಡುಗ್ತು’ ಅಂದ.

ನಾನು ನಕ್ಕುಬಿಟ್ಟೆ. ರುಜು ಹಾಕಲು ಕೈ ನಡುಗುವುದೆಂದರೇನು? ಕುದೂರು ಹೋಬಳಿಯ ಅರ್ಧ ಅರ್ಜಿಗಳು ನನ್ನ ಕೈಯವೇ. ಪೋಡಿ, ಪಹಣಿ, ಪಿಂಚಣಿ, ಎಲ್ಲಕ್ಕೂ ಬೀರಲಿಂಗಯ್ಯನ ಸಾಕ್ಷಿ ರುಜು, ಬಾಲ ಎಳೆದು ಕೆಳಗೆ ಎರಡು ಚುಕ್ಕಿ. ಹೆದರಿಕೆ ಎಂಬ ಗ್ರಹ ನನ್ನ ಜಾತಕದ ಯಾವ ಮನೆಯಲ್ಲೂ ಬಾಡಿಗೆಗಿಲ್ಲ.

ಈಗ ಟ್ರಂಕಿನ ಮಾತು. ಆಧಾರ್ ಸಿಕ್ಕಿತು. ಅದರ ಕೆಳಗೆ, ಯಾರದೋ ಮದುವೆಯಲ್ಲಿ ಕೊಟ್ಟ ಹಳದಿ ಬಟ್ಟೆಯ ಚೀಲ. ಬಾಯಿಗೆ ದಾರ ಕಟ್ಟಿತ್ತು. ಬಿಚ್ಚಿದೆ. ಇದು ಎರಡನೆಯ ಅಪರಾಧ, ಮೊದಲನೆಯದರಲ್ಲೇ ಸೇರಿಸಿಕೊ. ಒಳಗೆ ಎರಡು ಹೊಸ ನೈಟಿ, ಟವೆಲ್ಲು, ಮುಚ್ಚಳದ ಸ್ಟೀಲ್ ಲೋಟ, ಬೀರೇದೇವರ ಭಂಡಾರದ ಪೊಟ್ಟಣ, ಪಡಿತರ ಚೀಟಿಯ ನಾಲ್ಕು ಜೆರಾಕ್ಸು. ಸೋಪು ಸುತ್ತಿದ್ದ ಪೇಪರು ಮಾರ್ಚಿ ತಿಂಗಳದ್ದು. ಅಂದರೆ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಬಂದ ವಾರವೇ ನೀನು ಸಿದ್ಧಳಾಗಿ ಕೂತಿದ್ದೆ, ನನಗೆ ಹೇಳದೆ. ಅಡಿಯಲ್ಲಿ ನನ್ನ ಲುಂಗಿ ಇತ್ತು, ನನ್ನ ಹಳೆಯ ಕನ್ನಡಕ ಇತ್ತು, ವರಾಂಡದಲ್ಲಿ ಹೊದೆಯಲು ನನ್ನ ಕಂಬಳಿಯೂ ಇತ್ತು. ಮುಲಾಮಿನ ಡಬ್ಬಿ ಮಾತ್ರ ಇರಲಿಲ್ಲ. ಇನ್ನು ಅದರ ಅಗತ್ಯವಿಲ್ಲ ಎಂದುಕೊಂಡಿದ್ದೆಯಾ?

ನೋಡಿ ನಗು ಬಂತು ಅಂತ ಇಟ್ಟುಕೊ.

ಹೀಗಿದೆ ತಕ್ಕಡಿ. ಒಂದು ಕಡೆ ಎಸಿ, ಕಾಫಿ, ಎರಡು ವರ್ಷ. ಇನ್ನೊಂದು ಕಡೆ ವರಾಂಡ, ಚಾಪೆ, ಪಾಳಿ. ಅವಸರವಿಲ್ಲ, ನಿಧಾನವಾಗಿ ಯೋಚಿಸಿ ಬರೆ. ದಾಸಮ್ಮನಿಗೂ ಮಂಚಯ್ಯನಿಗೂ ನನ್ನ ಶುಭಾಶಯ, ಕುರಿಗಳಿಗೂ ಪಾಲು ಹಂಚು. ಬೀರೇದೇವರು ನಿನ್ನನ್ನು ಕಾಯಲಿ, ಕಾಯುವ ಅವಧಿ ಇಲ್ಲದೆ ಕಾಯಲಿ.

ನಿನ್ನ
ಬೀರಲಿಂಗಯ್ಯ, ಬಿ.ಎ.

ಮತ್ತೆ: ಸೋಮವಾರ ಮಧ್ಯಾಹ್ನ. ಕವರಿಗೆ ಅಂಟು ಹಾಕಿದ್ದೆ. ಹರಿದು ತೆಗೆದೆ. ಮೇಲೆ ಬರೆದದ್ದರಲ್ಲಿ ಸುಳ್ಳು ಕಡಿಮೆ, ಆದರೆ ನಿಜ ಪೂರ್ತಿ ಇಲ್ಲ.

ಆಸ್ಪತ್ರೆಯವರು ಫೋನ್ ಮಾಡಿದ್ದರು. ಜುಲೈ ಹತ್ತೊಂಬತ್ತಕ್ಕೆ. ನಿನ್ನ ಪಾಳಿ ಬಂದಿದೆ, ಗುರುವಾರ ಬಂದು ಅಡ್ಮಿಟ್ ಆಗಿ ಅಂದರು. ನಾನು ‘ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಬಿಟ್ಟು ಬರೋಕಾಗಲ್ಲ’ ಎಂದೆ. ಹುಳುಮನೆ ಖಾಲಿಯಿತ್ತು ಪುಟ್ಟಲಕ್ಷ್ಮಿ. ಪೊರೆ ಕಳಚಲು ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಜ್ವರಕ್ಕೆ ಕೂರಲು ಅಲ್ಲಿ ಒಂದೇ ಒಂದು ಹುಳು ಇರಲಿಲ್ಲ.

ಆ ಮಾತು ಬಾಯಿಗೆ ಯಾಕೆ ಬಂತೆಂದು ಹೇಳುತ್ತೇನೆ. ನಮ್ಮವ್ವ ಜ್ವರ ಬಂದು ಹೋದಳು ಎಂದು ನಿನಗೆ ಹೇಳಿದ್ದೆ. ಊರಿಗೆಲ್ಲ ಹಾಗೇ ಗೊತ್ತು. ಜ್ವರವಲ್ಲ. ಹೊಟ್ಟೆಯಲ್ಲಿ ಗಡ್ಡೆ ಇತ್ತು, ಆಪರೇಷನ್ ಆಗಬೇಕಿತ್ತು. ನಾನಾಗ ಕೊನೆಯ ವರ್ಷದ ಬಿ.ಎ. ಒಪ್ಪಿಗೆಯ ಕಾಗದ ತಂದಾಗ ಅಪ್ಪ ಹೆಬ್ಬೆಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡು, ‘ನೀನ್ ಓದ್ದೋನು, ನೀನೇ ಹಾಕ್ಲಾ’ ಅಂದ. ನಾನು ಓದದೆಯೇ ಹಾಕಿದೆ. ಬಾಲ ಎಳೆದು, ಕೆಳಗೆ ಎರಡು ಚುಕ್ಕಿ. ಅಷ್ಟು ಚಂದದ ರುಜು ನಾನು ಮತ್ತೆ ಹಾಕಿಲ್ಲ. ಅವ್ವ ಸ್ಟ್ರೆಚರ್ ಮೇಲಿಂದ ನೋಡಿ, ‘ನನ್ ಮಗ ಎಂಗ್ ಬರೀತಾನೆ ನೋಡಿ’ ಎಂದು ನರ್ಸಿಗೆ ತೋರಿಸಿದಳು. ಒಳಗೆ ಹೋದವಳು ಉಸಿರಿಲ್ಲದೆ ಹೊರಗೆ ಬಂದಳು. ಬಸ್ಸಿನಲ್ಲಿ ಅಪ್ಪ ನನ್ನ ಹೆಗಲು ಹಿಡಿದು, ‘ಯಾರಾದ್ರೂ ಕೇಳುದ್ರೆ ಜ್ವರ ಅನ್ಲಾ’ ಅಂದ. ರುಜು ಹಾಕಿ ಕೊಂದವನೆಂಬ ಮಾತಿನಿಂದ ನನ್ನನ್ನು ಉಳಿಸಲು ಹೇಳಿದ. ಮೂವತ್ತೇಳು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ಯಾವ ಆಸ್ಪತ್ರೆ ಫೋನ್ ಮಾಡಿದರೂ ನನ್ನ ಬಾಯಿಗೆ ಮೊದಲು ಬರುವುದು ಜ್ವರವೇ.

ಪುಟ್ಟಸ್ವಾಮಿಯ ಫಾರಂ ಯಾಕೆ ಇಟ್ಟುಕೊಂಡೆ ಎಂದು ಈಗ ನಿನಗೆ ಗೊತ್ತಾಗಿರಬೇಕು. ಎಸಿಗಲ್ಲ, ಕಾಫಿಗಲ್ಲ. ನನಗೆ ಹಿಡಿಸಿದ್ದು ಹತ್ತೊಂಬತ್ತನೇ ಪುಟ. ಎರಡು ವರ್ಷ ಯಾರೂ ನನ್ನ ಮುಂದೆ ಆ ಕಾಗದ ಚಾಚುವುದಿಲ್ಲವಲ್ಲ. ಆ ಎರಡು ವರ್ಷವೂ ನೀನು ಗೋಡೆ ಹಿಡಿದು ನಡೆಯುತ್ತೀಯೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕಂಬಳಿ ನೋಡಿದಾಗ ಹೊಳೆಯಿತು. ನಗು ಬಂತು ಎಂದೆನಲ್ಲ, ಬಂದದ್ದು ನಗುವಲ್ಲ.

ಈಗ ಒಂದು ಗಂಟೆಯ ಕೆಳಗೆ ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ಅವತ್ತು ಮಾತಾಡಿದ ಸಿಸ್ಟರೇ ತೆಗೆದರು, ಮುನಿರತ್ನಮ್ಮ ಅಂತ. ಹೆಸರು ಹೇಳುತ್ತಿದ್ದಂತೆ, ‘ಓಹೋ, ನಾಲ್ಕನೇ ಜ್ವರದ ಸಾರಾ?’ ಅಂದರು. ‘ನಮ್ದೂ ಚನ್ನಪಟ್ಟಣದ ಕಡೆ ಸಾರ್. ನಮ್ಮವ್ವ ಮೂವತ್ತು ವರ್ಷ ಹುಳ ಸಾಕವ್ರೆ. ನಾಲ್ಕನೇ ಜ್ವರ ಒಂದೂವರೆ ದಿನಕ್ಕೆ ಬಿಡ್ತದೆ. ನಿಮ್ದು ಇಪ್ಪತ್ತು ದಿನ ಆಯ್ತು, ಇನ್ನೂ ಎದ್ದಿಲ್ವಾ? ಜ್ವರ ಹುಳಕ್ಕೋ ನಿಮಗೋ?’

ಇಡೀ ಕರ್ನಾಟಕದಲ್ಲಿ ಆ ಸುಳ್ಳನ್ನು ಯಾರ ಹತ್ತಿರ ಬೇಕಾದರೂ ಹೇಳಬಹುದಿತ್ತು. ಹೋಗಿ ಹೋಗಿ ಹುಳು ಸಾಕಿದ ಮನೆಯವರ ಹತ್ತಿರ ಹೇಳಿದ್ದೆ.

ನಿನ್ನ ಪಾಳಿಗೆ ಕನಕಪುರದ ಯಾರೋ ಅಜ್ಜಿ ಹೋದರಂತೆ. ಈಗ ಅವರು ವಾಕರ್ ಹಿಡಿದು ನಡೆಯುತ್ತಿದ್ದಾರಂತೆ. ಅವು ನಿನ್ನ ಹೆಜ್ಜೆಗಳು, ನಾನು ಬಿಟ್ಟುಕೊಟ್ಟವು. ಸಿಸ್ಟರ್ ಬೈದು, ಆಮೇಲೆ ಪುಸ್ತಕ ತಿರುವಿ, ಹದಿನೇಳನೇ ತಾರೀಕು ಬುಧವಾರ ಜಾಗ ಕೊಟ್ಟಿದ್ದಾರೆ. ಈ ಭಾನುವಾರ ಹಳದಿ ಚೀಲ ಹಿಡಿದು ನಾನೇ ಉಯ್ಯಂಬಳ್ಳಿಗೆ ಬರುತ್ತೇನೆ. ರುಜುವಿನ ವಿಷಯವನ್ನೂ ಕೇಳಿದೆ. ‘ಪೇಶಂಟೇ ಹಾಕ್ಬೇಕು ಸಾರ್, ಅವ್ರ ಕಾಲು ತಾನೆ? ನೀವು ಕೆಳಗೆ ಸಾಕ್ಷಿ’ ಅಂದರು. ಏಳನೇ ಕ್ಲಾಸಿನ ನಿನ್ನ ದುಂಡಗಿನ ಅಕ್ಷರ ಮೇಲೆ ಬೀಳಲಿ. ಕೆಳಗೆ ನಾನೂ ಹಾಕುತ್ತೇನೆ. ಬಾಲ, ಚುಕ್ಕಿ ಈ ಸಲ ಬೇಡ. ಕೈ ನಡುಗಿದರೆ ಮುಕ್ತಿಯಾರನಿಗೆ ಹೇಳಬೇಡ.

ಕೊನೆಯ ಅಪರಾಧ ಒಂದು ಉಳಿದಿದೆ. ಸಿಸ್ಟರ್ ಫೋನ್ ಇಡುವ ಮೊದಲು, ‘ನಿಜ ಹೇಳಿ ಸಾರ್, ಯಾರಿಗೆ ಭಯ?’ ಎಂದು ಕೇಳಿದರು. ಹೋಬಳಿಗೆಲ್ಲ ಧೈರ್ಯ ಹೇಳುವ ಬಿ.ಎ. ಪಾಸಾದ ಗಂಡಸು, ಕಣ್ಣು ಮುಚ್ಚಿ, ‘ನಮ್ಮವಳಿಗೆ’ ಅಂದುಬಿಟ್ಟೆ. ಅವರು ಪಾಪ, ‘ನಾನೇ ಪಕ್ಕದಲ್ಲಿ ಕೂತು ಧೈರ್ಯ ಹೇಳ್ತೀನಿ’ ಎಂದಿದ್ದಾರೆ. ಅವರು ಬಂದಾಗ ನನ್ನ ಮಾನ ಉಳಿಸು, ಒಂದೈದು ನಿಮಿಷ ಹೆದರಿದವಳ ಹಾಗೆ ಕೂತುಕೊ. ಹೇಗಿರಬೇಕೆಂದು ತಿಳಿಯದಿದ್ದರೆ, ಪಕ್ಕದಲ್ಲಿ ನಿಂತಿರುವ ನನ್ನ ಮುಖ ನೋಡಿ ಹಾಗೇ ಮಾಡು.